ಬಾಯಿ ಮುಚ್ಚಿಸುವ ದಾವೆಗಳು ಹೊಸ್ತಿಲಲ್ಲೇ ನಿಲ್ಲಬೇಕು

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಈ ಗಾದೆಯನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ಅವರಿಗೆ ಗೆಲುವು ಬೇಕಿಲ್ಲ. ವಾಯಿದೆಯ ಮೇಲೆ ವಾಯಿದೆ ಬೀಳಿಸಿ ಎದುರಿನವರನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರೆ ಸಾಕು.

ಪರಿಚಯದವರೊಬ್ಬರಿಗೆ ಅಂಥವರಿಂದ ವಕೀಲರ ನೋಟಿಸ್ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಕಾರ್ಖಾನೆಯೊಂದರ ಕೊಳಚೆ ನೀರಿನ ಬಗ್ಗೆ ಅವರು ಬರೆದಿದ್ದರು. ಕೈಯಲ್ಲಿ ದಾಖಲೆಯೂ ಇತ್ತು. ನೋಟಿಸಿನಲ್ಲಿ ಕೇಳಿದ್ದ ಪರಿಹಾರದ ಮೊತ್ತದ ಸೊನ್ನೆಗಳನ್ನು ಬೆರಳಿಟ್ಟು ಎರಡು ಸಲ ಎಣಿಸಿದರು. ಅಂದು ರಾತ್ರಿಯೇ ಬರಹ ಅಳಿಸಿದರು. ಅದು ನಿಜವೆಂದು ಕಟಕಟೆಯಲ್ಲಿ ನಿಂತು ಸಾಬೀತು ಮಾಡಲು ಬೇಕಾದಷ್ಟು ವರ್ಷಗಳೂ ದುಡ್ಡೂ ಅವರಲ್ಲಿರಲಿಲ್ಲ.

ಇಂಥ ದಾವೆಗಳಿಗೆ ‘ಸ್ಲ್ಯಾಪ್’ ಎಂದು ಹೆಸರಿಟ್ಟವರು ಡೆನ್ವರ್ ವಿಶ್ವವಿದ್ಯಾಲಯದ ಜಾರ್ಜ್ ಪ್ರಿಂಗ್ ಮತ್ತು ಪೆನಲೋಪಿ ಕ್ಯಾನನ್, 1980ರ ದಶಕದಲ್ಲಿ. ಸಾರ್ವಜನಿಕರು ದನಿ ಎತ್ತದಂತೆ ತಡೆಯಲು ಹೂಡುವ ದಾವೆ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿದ ಹೆಸರು ಅದು. ಇಂಗ್ಲಿಷಿನಲ್ಲಿ ಅದಕ್ಕೆ ಕೆನ್ನೆಗೆ ಬಿದ್ದ ಏಟು ಎಂಬ ಅರ್ಥವೂ ಇದೆ. ಸರಿಯಾದ ಹೆಸರು.

ಮಾಲ್ಟಾದ ಪತ್ರಕರ್ತೆ ಡಾಫ್ನೆ ಕರುವಾನಾ ಗಲೀಝಿಯಾ 2017ರ ಅಕ್ಟೋಬರಿನಲ್ಲಿ ಕಾರ್ ಬಾಂಬಿಗೆ ಬಲಿಯಾದಾಗ ಅವರ ಮೇಲೆ 40ಕ್ಕೂ ಹೆಚ್ಚು ಮಾನನಷ್ಟ ಮೊಕದ್ದಮೆಗಳು ಬಾಕಿ ಇದ್ದವು. ಅವರು ಸತ್ತ ಮೇಲೂ ಮೊಕದ್ದಮೆಗಳು ಕುಟುಂಬದ ಬೆನ್ನು ಬಿಡಲಿಲ್ಲ. ನೆನೆದರೆ ಕರುಳು ಕಿವುಚಿದಂತಾಗುತ್ತದೆ. ಇಂಥ ದಾವೆಗಳನ್ನು ತಡೆಯಲು ಯುರೋಪಿಯನ್ ಒಕ್ಕೂಟ 2024ರಲ್ಲಿ ಹೊರಡಿಸಿದ ನಿರ್ದೇಶನವನ್ನು ಜನ ಡಾಫ್ನೆ ಕಾನೂನು ಎಂದೇ ಕರೆಯುತ್ತಾರೆ. ಆದರೆ ಅದು ಗಡಿಯಾಚೆಗೂ ಚಾಚಿದ ಸಿವಿಲ್ ವ್ಯಾಜ್ಯಗಳಿಗಷ್ಟೇ ಅನ್ವಯಿಸುತ್ತದೆ.

ಕ್ಯಾಲಿಫೋರ್ನಿಯಾದ 1992ರ ಕಾನೂನು ನನಗೆ ಹೆಚ್ಚು ಹಿಡಿಸುತ್ತದೆ. ಸಾರ್ವಜನಿಕ ವಿಷಯದ ಮಾತಿಗೆ ದಾವೆ ಬಿದ್ದರೆ, ವಜಾ ಮಾಡಿ ಎಂದು ಪ್ರತಿವಾದಿ ಆರಂಭದಲ್ಲೇ ಅರ್ಜಿ ಹಾಕಬಹುದು. ಆಗ ದಾವೆಯಲ್ಲಿ ಹುರುಳಿದೆ ಎಂದು ತೋರಿಸುವ ಹೊಣೆ ವಾದಿಯದು. ಅರ್ಜಿ ತೀರ್ಮಾನವಾಗುವವರೆಗೆ ಆ ಕಾಗದ ಕೊಡಿ, ಈ ಹೇಳಿಕೆ ಕೊಡಿ ಎಂದು ಅಲೆಸುವಂತಿಲ್ಲ. ಹುರುಳಿಲ್ಲದಿದ್ದರೆ ದಾವೆ ವಜಾ, ಪ್ರತಿವಾದಿಯ ವಕೀಲರ ಶುಲ್ಕವೂ ವಾದಿಯ ತಲೆಗೆ. ಈ ಶುಲ್ಕದ ಅಂಶವೇ ಕಾನೂನಿನ ಜೀವಾಳ. ಇದೊಂದಿದ್ದರೆ ಬರಿಗೈಯವರ ಪರವಾಗಿಯೂ ವಕೀಲರು ಧೈರ್ಯವಾಗಿ ನಿಲ್ಲುತ್ತಾರೆ. ನನ್ನ ಪರಿಚಯದವರಿಗೆ ಇಂಥದೊಂದು ಆಸರೆ ಇದ್ದಿದ್ದರೆ ನೋಟಿಸಿಗೆ ಎರಡು ಪುಟದ ಉತ್ತರ ಹೋಗುತ್ತಿತ್ತು, ಬರಹ ಅಲ್ಲೇ ಉಳಿಯುತ್ತಿತ್ತು.

ನಿಜವಾಗಿ ಮಾನ ಕಳೆದುಕೊಂಡವರ ಗತಿಯೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಂಥವರು ತಮ್ಮಲ್ಲಿರುವ ಆಧಾರವನ್ನು ಮೊದಲೇ ಮುಂದಿಡಲಿ; ದಾವೆ ಮುಂದುವರಿಯುತ್ತದೆ. ಕಂಪನಿಗಳು ಈ ರಕ್ಷಣೆಯನ್ನೇ ತಮ್ಮ ಜಾಹೀರಾತುಗಳಿಗೆ ಗುರಾಣಿ ಮಾಡಿಕೊಂಡದ್ದೂ ಉಂಟು. 2003ರಲ್ಲಿ ತಿದ್ದುಪಡಿ ತಂದು ಕ್ಯಾಲಿಫೋರ್ನಿಯಾ ಆ ಕಂಡಿಯನ್ನೂ ಮುಚ್ಚಿತು.