ಮೂಗಿಗೆ ಮದ್ದು ಬಿಡುವ ಸಂಶೋಧಕರು

ಕಾಸರಗೋಡಿನಲ್ಲಿ ಸಂಶೋಧನೆ ಎಂದರೆ ಇಷ್ಟು ಕಾಲ ಕೂಡ್ಲಿನ ತೋಟಬೆಳೆ ಸಂಶೋಧನಾ ಸಂಸ್ಥೆಯೇ ಕಣ್ಣಮುಂದೆ ಬರುತ್ತಿತ್ತು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದದ್ದು. ನೂರು ವರ್ಷ ದಾಟಿದೆ. ಆದರೂ ಅಲ್ಲಿನವರು ಒಂದು ತಳಿಯನ್ನು ಕೃಷಿಕನ ಕೈಗೆ ಕೊಡುವ ಮೊದಲು ವರ್ಷಗಟ್ಟಲೆ ನೆಟ್ಟು, ಅಳೆದು, ತೂಗಿ, ಬರೆದಿಟ್ಟು ಕೂರುತ್ತಾರೆ. ನಿಧಾನದ ಜನ. ಈಗ ಅವರನ್ನೆಲ್ಲ ಹಿಂದೆ ಹಾಕಿ ಕುಂಬಳೆಯಿಂದ ಮುಳ್ಳೇರಿಯದವರೆಗೆ ಹೊಸ ಸಂಶೋಧಕರು ಎದ್ದಿದ್ದಾರೆ. ಇವರಿಗೆ ಪ್ರಯೋಗಾಲಯ ಬೇಡ, ಪದವಿ ಬೇಡ. ಫ್ರಿಜ್ಜಿನ ಬಾಗಿಲಿನಲ್ಲಿ ಒಂದಿಷ್ಟು ಜಾಗ ಮತ್ತು ಒಂದು ಮೂಗು ಇದ್ದರೆ ಸಾಕು.

ಸಂಶೋಧನೆಯ ವಸ್ತುವಿನ ಹೆಸರು ಸೆಲಾಂಕ್. ಅದೊಂದು ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಆತಂಕ ಇಳಿಸುತ್ತದೆ, ಗಮನ ಹೆಚ್ಚಿಸುತ್ತದೆ, ಆದರೆ ನಿದ್ದೆ ಬರಿಸುವುದಿಲ್ಲ ಎಂದು ಖ್ಯಾತಿ. ಕೊರಿಯರಿನಲ್ಲಿ ಬರುವ ಪುಟ್ಟ ಸೀಸೆಯ ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ. ಸೀಸೆಯ ಮೇಲೆ, ಮಾರುವವನು ತನ್ನ ಜೀವಮಾನದಲ್ಲಿ ಬರೆದ ಏಕೈಕ ಸತ್ಯವಾಕ್ಯ: ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ.’

ಪೆರ್ಲದ ಭಾವನೊಬ್ಬರು ಅದನ್ನು ನನ್ನ ಎದುರೇ ನೀರಿನಲ್ಲಿ ಕರಗಿಸಿ ಮೂಗಿಗೆ ಬಿಟ್ಟುಕೊಂಡರು.

“ಭಾವ, ಮನುಷ್ಯರ ಬಳಕೆಗಲ್ಲ ಎಂದು ಬರೆದಿದೆಯಲ್ಲ?”

“ಅದು ಕಾನೂನಿಗಾಗಿ ಬರೆದದ್ದು. ಓದುವುದಕ್ಕಲ್ಲ.”

ಕೊಳ್ಳುವಾಗ ‘ನಾನು ಸಂಶೋಧಕ’ ಎಂಬ ಚೌಕಕ್ಕೆ ಗುರುತು ಹಾಕಿದ್ದಾರಂತೆ. ಅಂದರೆ ಮಾರಿದವನ ದೃಷ್ಟಿಯಲ್ಲಿ ಭಾವ ಮನುಷ್ಯರಲ್ಲ, ಭಾವನ ದೃಷ್ಟಿಯಲ್ಲಿ ಮಾರಿದವನು ಸುಳ್ಳುಗಾರನಲ್ಲ. ವ್ಯಾಪಾರ ಸುಸೂತ್ರ. ಈ ದೇಶದಲ್ಲಿ ಮನುಷ್ಯರ ಮೇಲೆ ನಿಜವಾಗಿಯೇ ಔಷಧ ಪ್ರಯೋಗ ಮಾಡಬೇಕಾದರೆ 2019ರ ನಿಯಮಗಳಿವೆ. ನೈತಿಕ ಸಮಿತಿಯ ಒಪ್ಪಿಗೆ ಬೇಕು, ಪ್ರಯೋಗಕ್ಕೆ ಒಳಗಾಗುವವನ ಲಿಖಿತ ಸಮ್ಮತಿ ಬೇಕು, ಪ್ರಯೋಗದಿಂದ ಹಾನಿಯಾದರೆ ಪರಿಹಾರ ಕೊಡಬೇಕು. ಪೆರ್ಲದಲ್ಲಿ ಸಂಶೋಧಕ, ಪ್ರಯೋಗಪಶು, ನೈತಿಕ ಸಮಿತಿ ಮೂರೂ ಭಾವನವರೇ ಆದ್ದರಿಂದ ಸಮಿತಿಯ ಕೋರಂ ಬಚ್ಚಲುಮನೆಯ ಕನ್ನಡಿಯ ಮುಂದೆಯೇ ಭರ್ತಿಯಾಗಿ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಇದೇ ಭಾವ ಮಹಾ ಕಟ್ಟುನಿಟ್ಟಿನವರು. ಪಡಿತರ ಚೀಟಿಯಲ್ಲಿ ತಮ್ಮ ಹೆಸರಿನ ಒಂದು ದೀರ್ಘವನ್ನು ಮಲಯಾಳದಲ್ಲಿ ಹ್ರಸ್ವ ಮಾಡಿದ್ದಾರೆಂದು ಅಕ್ಷಯ ಕೇಂದ್ರಕ್ಕೂ ಗ್ರಾಮ ಕಚೇರಿಗೂ ತಿಂಗಳುಗಟ್ಟಲೆ ಅಲೆದವರು. ಅಡಿಕೆಗೆ ಬೋರ್ಡೋ ಮದ್ದು ಬಿಡುವಾಗಲಂತೂ ಕೇಳುವುದೇ ಬೇಡ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು. ಕಲಸಿದ ಮೇಲೆ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಅಡಿಕೆಯ ಗೊನೆಗೆ ಬೀಳುವ ಮದ್ದಿಗೆ ಇಷ್ಟು ಪರೀಕ್ಷೆ. ಮೂಗಿಗೆ ಬೀಳುವುದಕ್ಕೆ ಯಾವ ಕತ್ತಿ ಅದ್ದಿದಿರಿ ಎಂದು ಕೇಳಿದೆ. ಮೊಬೈಲಿನಲ್ಲಿ ಒಂದು ಪ್ರಮಾಣಪತ್ರ ತೋರಿಸಿದರು: ಶುದ್ಧತೆ ಶೇಕಡಾ 99. ಕೊಟ್ಟವರು ಯಾರು? ಮಾರಿದವನೇ. ಅದು ನಿಜವೇ ಆದರೂ ಆ 99 ಹೇಳುವುದು ಪುಡಿಯಲ್ಲಿರುವ ಪೆಪ್ಟೈಡುಗಳಲ್ಲಿ ಬೇಕಾದದ್ದರ ಪಾಲೆಷ್ಟು ಎಂಬುದನ್ನು ಮಾತ್ರ. ಒಳಗೆ ಬ್ಯಾಕ್ಟೀರಿಯಾ ಬಿಟ್ಟುಹೋದ ವಿಷವಿದೆಯೇ, ಸೀಸೆ ತುಂಬಿದವನು ಕೈ ತೊಳೆದಿದ್ದನೇ ಎಂಬುದನ್ನು ಹೇಳುವ ಪರೀಕ್ಷೆಗಳೇ ಬೇರೆ. ಆ ಕಾಗದಗಳನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಕೊಡುವುದೂ ಇಲ್ಲ.

ವಸ್ತುವಿನ ಮೇಲೆ ನನಗೆ ದ್ವೇಷವಿಲ್ಲ. ಅದರ ಹುಟ್ಟು ಗೌರವದ್ದೇ. ನಮ್ಮ ದೇಹದಲ್ಲಿಯೇ ಟಫ್ಟ್‌ಸಿನ್ ಎಂಬ ನಾಲ್ಕು ಅಮೈನೋ ಆಮ್ಲಗಳ ತುಣುಕೊಂದಿದೆ. 1970ರ ಸುಮಾರಿಗೆ ಅದನ್ನು ಗುರುತಿಸಿದ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಹೆಸರನ್ನೇ ಅದಕ್ಕಿಟ್ಟರು. ಬೇಗ ಮುರಿದುಹೋಗದಿರಲೆಂದು ಮಾಸ್ಕೋದ ವಿಜ್ಞಾನಿಗಳು ಅದಕ್ಕೆ ಇನ್ನೂ ಮೂರನ್ನು ಬಾಲವಾಗಿ ಕಟ್ಟಿದರು. ಏಳು ಕೊಂಡಿಯ ಆ ಸರಪಳಿಯೇ ಸೆಲಾಂಕ್. ರಷ್ಯದಲ್ಲಿ ಅದು ಮೂಗಿನ ಹನಿಯಾಗಿ ನೋಂದಣಿಯಾದ ಔಷಧ. ಅಲ್ಲಿ 62 ರೋಗಿಗಳ ಮೇಲೆ ಮೆಡಾಜೆಪಾಮ್ ಎಂಬ ಹಳೆಯ ಮಾತ್ರೆಯ ಜೊತೆ ಹೋಲಿಸಿ ನೋಡಿದ್ದಾರೆ. ಆತಂಕ ಇಳಿಸುವುದರಲ್ಲಿ ಎರಡೂ ಹತ್ತಿರ ಹತ್ತಿರ ಎಂದಿದ್ದಾರೆ. ಮೆದುಳಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಹೇಳಿಕೆ ಕೊಟ್ಟಿರುವುದು ಹೆಚ್ಚಾಗಿ ಇಲಿಗಳು. ಅಮೆರಿಕದ ಔಷಧ ನಿಯಂತ್ರಕರು ಅನುಮೋದಿಸಿಲ್ಲ, ನಮ್ಮವರೂ ಇಲ್ಲ. ಮಾಸ್ಕೋದ ಔಷಧಾಲಯದಲ್ಲಿ ಸಿಗುವ ಹನಿಗೆ ತಯಾರಕನ ಹೆಸರು, ಪ್ರಮಾಣ, ಮುಗಿಯುವ ದಿನಾಂಕ ಇರುತ್ತದೆ. ಪೆರ್ಲದ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಕುಳಿತಿರುವ ಸೀಸೆಗೆ ಇವುಗಳಲ್ಲಿ ಒಂದೂ ಇಲ್ಲ; ಮಾಸ್ಕೋದ ಕೀರ್ತಿ ಮಾತ್ರ ಪೂರ್ತಿ ಇದೆ.

ಆತಂಕದ ವಿಷಯಕ್ಕೆ ಬಂದರೆ, ಇಲ್ಲಿಯ ಮಣ್ಣು ಬಹಳ ಫಲವತ್ತಾದದ್ದು. ಚಂದ್ರಗಿರಿ ಹೊಳೆಯ ಉತ್ತರದವರಾದ ನಾವು 1956ರ ನವೆಂಬರ್ ಒಂದರಂದು ಕೇರಳಕ್ಕೆ ಸೇರಿದಂದಿನಿಂದ ಆತಂಕದಲ್ಲಿಯೇ ಇದ್ದೇವೆ. 1967ರಲ್ಲಿ ಮಹಾಜನ ಆಯೋಗ ನಮ್ಮನ್ನು ಮೈಸೂರಿಗೆ ಸೇರಿಸಿ ಎಂದು ಬರೆಯಿತು. ಅದನ್ನು ಓದಿದ ಅಜ್ಜಂದಿರ ಮೊಮ್ಮಕ್ಕಳು ಇಂದು ಕೇರಳ ಪಿಎಸ್‌ಸಿ ಪರೀಕ್ಷೆಗೆ ಕೂರುತ್ತಿದ್ದಾರೆ. ಅಡಿಕೆಗೆ ಎಲೆಚುಕ್ಕಿ, ಧಾರಣೆಗೆ ತಲೆಸುತ್ತು, ತೋಟದ ಹುಡುಗನಿಗೆ ಹೆಣ್ಣಿಲ್ಲ. ಏಳು ಅಮೈನೋ ಆಮ್ಲಗಳು ಇಷ್ಟನ್ನೂ ಹೊರಬೇಕು. ಆ 62 ರೋಗಿಗಳಲ್ಲಿ ಬದಿಯಡ್ಕದವರು ಒಬ್ಬರೂ ಇರಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಇಲ್ಲಿ ಸ್ವಲ್ಪ ನಗು ನಿಲ್ಲಿಸುತ್ತೇನೆ. ನಿದ್ದೆಗೆಟ್ಟು ಎದೆ ಹೊಡೆದುಕೊಳ್ಳುವ ಹುಡುಗನಿಗೆ ಸರಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಿಲ್ಲೆಯಲ್ಲೇ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತನಾಡುತ್ತಾರೆ. ಅವನು ಹೋಗುವುದಿಲ್ಲ. ಮನೋವೈದ್ಯರ ಕೋಣೆಯ ಹೊರಗೆ ಕುಳಿತದ್ದನ್ನು ಊರಿನ ಯಾವನಾದರೂ ಕಂಡರೆ ಸಿಕ್ಕೀತೆಂಬ ಸಂಬಂಧವೂ ತಪ್ಪುತ್ತದೆ ಎಂಬ ಭಯ. ಸೀಸೆಗೆ ಆ ಕಷ್ಟವಿಲ್ಲ. ಅದನ್ನು ತರಿಸುವವನು ರೋಗಿಯಲ್ಲ, ಸಂಶೋಧಕ. ಮರ್ಯಾದೆ ಉಳಿಯುತ್ತದೆ, ಮೂಗು ಹೋದರೆ ಹೋಗಲಿ. ಭಾವನನ್ನು ತಲೆನೋವಿಗೆಂದು ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರರು ಕೇಳಿದರು, “ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ?” ಭಾವ ನಿರ್ವಿಕಾರವಾಗಿ “ಇಲ್ಲ ಡಾಕ್ಟರೇ” ಎಂದರು. ಕಾನೂನಿನ ಪ್ರಕಾರ ಅದು ಸರಿಯಾದ ಉತ್ತರವೇ ಅಲ್ಲವೇ?

ಹೀಗೆ ಎದುರಾಡಿದಾಗಲೆಲ್ಲ ಭಾವನ ಕೊನೆಯ ಅಸ್ತ್ರ ಒಂದೇ: “ಎಂಡೋಸಲ್ಫಾನಿಗೆ ಅನುಮೋದನೆ ಇರಲಿಲ್ಲವೇ? ಏನಾಯಿತು?” ಈ ಮಾತಿಗೆ ಇಲ್ಲಿ ಯಾರೂ ಸುಲಭವಾಗಿ ಉತ್ತರ ಕೊಡುವಂತಿಲ್ಲ. ಎಣ್ಮಕಜೆಯ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷವರ್ಷವೂ ಸುರಿದದ್ದು ಮುದ್ರೆ ಬಿದ್ದ, ನೋಂದಣಿಯಾದ ಕೀಟನಾಶಕವೇ. ಆದರೆ ಭಾವ, ಆ ಮುದ್ರೆ ಇದ್ದುದರಿಂದಲೇ ಅಲ್ಲವೇ ನಮಗೆ ಹಿಡಿಯಲು ಒಂದು ಕೊರಳು ಸಿಕ್ಕಿದ್ದು? ಸಿಂಪಡಿಸಿದವರು ಯಾರು, ಅನುಮತಿ ಕೊಟ್ಟವರು ಯಾರು ಎಂದು ಹೆಸರು ಹಿಡಿದು ಕೇಳಿದ್ದರಿಂದ 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದಿತು. ಅದೂ ಸುಲಭದಲ್ಲಿ ಕೈಗೆ ಬರಲಿಲ್ಲ ಎಂಬುದು ಬೇರೆ ಕಥೆ. ಈ ಸೀಸೆಯ ವಿಷಯದಲ್ಲಿ ಯಾರ ಮೇಲೆ ದಾವೆ ಹೂಡುತ್ತೀರಿ? ಮನುಷ್ಯರ ಬಳಕೆಗಲ್ಲ ಎಂದು ಅವನು ಬರೆದುಕೊಟ್ಟಿದ್ದಾನೆ. ಸಂಶೋಧಕ ಎಂದು ನೀವು ಬರೆದುಕೊಟ್ಟಿದ್ದೀರಿ. ವಿಷ ಮೇಲಿನಿಂದ ಸುರಿದಾಗ ಮೂಗು ಮುಚ್ಚಿಕೊಳ್ಳಲು ಪುರುಸೊತ್ತು ಸಿಗದ ಊರಿನಲ್ಲಿ ಈಗ ಹಣ ಕೊಟ್ಟು, ತಲೆ ಹಿಂದಕ್ಕೆ ಬಾಗಿಸಿ, ನೀವೇ ಬಿಟ್ಟುಕೊಳ್ಳುತ್ತಿದ್ದೀರಿ.

ಭಾವ ಉತ್ತರ ಕೊಡಲಿಲ್ಲ, ಫಲಿತಾಂಶ ಪ್ರಕಟಿಸಿದರು. ಆತಂಕ ಸಂಪೂರ್ಣ ನಾಶ, ಗಮನ ಏಕಾಗ್ರ, ಹಸಿವೂ ಚೆನ್ನಾಗಿದೆ. ಎಂದಿನಿಂದ ಎಂದು ವಿಚಾರಿಸಿದೆ. ಪಿಎಸ್‌ಸಿ ಪರೀಕ್ಷೆ ಮುಂದಕ್ಕೆ ಹೋಯಿತೆಂದು ಪತ್ರಿಕೆಯಲ್ಲಿ ಬಂದ ದಿನದಿಂದ ಎಂದು ಅತ್ತಿಗೆ ಅಡುಗೆಮನೆಯಿಂದ ಹೇಳಿದರು. ಭಾವ ಅದನ್ನು ದಾಖಲೆಗೆ ತೆಗೆದುಕೊಳ್ಳಲಿಲ್ಲ. ಪರೀಕ್ಷೆಗೆ ಹೊಸ ದಿನಾಂಕ ಬಂದ ಮೇಲೆ ಎರಡು ಸೀಸೆ ಒಟ್ಟಿಗೆ ತರಿಸಿದ್ದಾರೆ. ಎರಡು ತರಿಸಿದರೆ ಕೊರಿಯರ್ ಖರ್ಚಿಲ್ಲವಂತೆ.