ದೇಣಿಗೆ ಕೇಳುವ ಹೊತ್ತು ಯಾವುದು?

ಹಾಸ್ಯ ಪ್ರದರ್ಶನ ನಡೆಸಿ ಸೇವಾಸಂಸ್ಥೆಗೆ ಹಣ ಕೂಡಿಸುವ ಬಗೆಗಿನ ಲೇಖನವೊಂದರಲ್ಲಿ "ಟಿಕೆಟ್ ಹಣವೆಲ್ಲ ಸೇವಾಸಂಸ್ಥೆಗೆ" ಎಂದಿದೆ. ಸಹಾಯಾರ್ಥ ಹಾಸ್ಯ ಪ್ರದರ್ಶನಗಳಲ್ಲಿ ಎಡವಟ್ಟಾಗುವುದು ಈ ಮಾತಿನಿಂದಲೇ. ಸಭಾಂಗಣದ ಬಾಡಿಗೆ, ಮೈಕ್‌ಸೆಟ್, ಟಿಕೆಟ್ ಆ್ಯಪ್‌ನ ಕಮಿಷನ್ ಕಳೆದು ಉಳಿಯುವುದಷ್ಟೇ ಸಂಸ್ಥೆಗೆ ಹೋಗುತ್ತದೆ. ಪೋಸ್ಟರ್‌ನಲ್ಲಿ "ಖರ್ಚು ಕಳೆದು ಉಳಿದ ಹಣ" ಎಂದೇ ಹಾಕಿ. ಖರ್ಚನ್ನೆಲ್ಲ ಪ್ರಾಯೋಜಕರು ಹೊತ್ತರೆ ಮಾತ್ರ "ಎಲ್ಲ" ಅನ್ನಬಹುದು.

ಇನ್ನು ಕಾರ್ಯಕ್ರಮದ ಕ್ರಮ. ಸಂತ್ರಸ್ತರ ವಿಡಿಯೊ ತೋರಿಸಿದ ಕೂಡಲೇ ಹಾಸ್ಯಗಾರರನ್ನು ವೇದಿಕೆಗೆ ಕರೆಯಬೇಡಿ. ಆಗಷ್ಟೇ ಕಣ್ಣೊರೆಸಿಕೊಂಡ ಜನಕ್ಕೆ ನಗಲು ಅಳುಕು. ಎಂಥ ಕಲಾವಿದರೂ ಮೊದಲ ಕೆಲವು ನಿಮಿಷ ಒದ್ದಾಡುತ್ತಾರೆ. ಬ್ರಿಟನ್ನಿನಲ್ಲಿ 1985ರಲ್ಲಿ ಶುರುವಾದ ಕಾಮಿಕ್ ರಿಲೀಫ್ ಎಂಬ ಸೇವಾಸಂಸ್ಥೆ ಹಾಸ್ಯ, ಸಂತ್ರಸ್ತರ ವಿಡಿಯೊ ಎರಡನ್ನೂ ಬೆರೆಸುತ್ತದೆ, ನಿಜ. ಆದರೆ ಅದು ನಡೆಸುವುದು ಟಿವಿ ಕಾರ್ಯಕ್ರಮ, ಮನೆಯಲ್ಲಿ ಕೂತವರು ನಗದಿದ್ದರೆ ವೇದಿಕೆಯ ಮೇಲಿರುವವರಿಗೆ ತಿಳಿಯುವುದಿಲ್ಲ. ಮನವಿಯನ್ನು ವಿರಾಮಕ್ಕೆ ತುಸು ಮುಂಚೆ ಇಡಿ, 2-3 ನಿಮಿಷ ಸಾಕು. ಜನ ಎದ್ದು ಹೋಗುವ ಬಾಗಿಲಲ್ಲೇ ಡಬ್ಬಿ ಇರಲಿ, ಕ್ಯೂಆರ್ ಕೋಡ್ ಪ್ರತಿ ಕುರ್ಚಿಯ ಮೇಲೂ ಇರಲಿ. ಪರದೆಯಲ್ಲಿ ಮಾತ್ರ ತೋರಿಸಿದರೆ ಹಿಂದಿನ ಸಾಲಿನವರಿಗೆ ಸ್ಕ್ಯಾನ್ ಆಗುವುದು ಕಷ್ಟ. ಕೊನೆಯಲ್ಲಿ ಕೇಳೋಣವೆಂದು ಬಿಟ್ಟರಂತೂ ಎಲ್ಲರೂ ಮನೆಗೆ ಹೊರಡುವ ಅವಸರದಲ್ಲಿರುತ್ತಾರೆ.

ಸಂಭಾವನೆಯಿಲ್ಲದೆ ಬರುವ ಕಲಾವಿದರು 10 ನಿಮಿಷವನ್ನು 20ಕ್ಕೆ ಎಳೆಯುವುದೂ ಉಂಟು. ಪುಕ್ಕಟೆ ಬಂದವರನ್ನು ತಡೆಯಲು ಸಂಘಟಕರಿಗೆ ಸಂಕೋಚ. ಮೊದಲೇ ಹೇಳಿಡಿ, 9ನೇ ನಿಮಿಷಕ್ಕೆ ಸಭಾಂಗಣದ ಹಿಂದಿನಿಂದ ಸಣ್ಣ ದೀಪ ತೋರಿಸಿ. ಅವರ ಪ್ರಯಾಣದ ಖರ್ಚನ್ನು ಮಾತ್ರ ಕೊಡಲೇಬೇಕು, ಅದನ್ನು ಬಜೆಟ್ಟಿನಲ್ಲಿ ಮೊದಲ ಸಾಲಿಗೇ ಬರೆಯಿರಿ.