ಬದನೆಕಾಯಿ ಮೇಲೆ ಅನುಮಾನ

ಹೋದ ವರ್ಷ ಶ್ರಾವಣದಲ್ಲಿ ಒಂದಿನ ಬೆಳಿಗ್ಗೆ ಸ್ನಾನಕ್ಕೆ ಅಂತ ಹೋಗಿ ಕನ್ನಡಿ ನೋಡ್ತೀನಿ, ಹೊಟ್ಟೆ ಮೇಲೆ ಕರ್ನಾಟಕದ ನಕ್ಷೆ. ಸುಮ್ನೆ ಹೇಳ್ತಿಲ್ಲ, ಮೇಲೆ ಬೀದರ್‌ನ ಮೂತಿ, ಕೆಳಗೆ ಚಾಮರಾಜನಗರ, ಹೊಕ್ಕಳು ಸರಿಯಾಗಿ ದಾವಣಗೆರೆ ಹತ್ರ. ಅಂಚೆಲ್ಲ ಕೆಂಪು, ಮಧ್ಯ ಬೆಳ್ಳಗೆ ಉಬ್ಬಿ, ಮುಟ್ಟಿದ್ರೆ ಬಿಸಿ, ಕೆರೆತ ಅಂದ್ರೆ ಅಂಥಿಂಥ ಕೆರೆತ ಅಲ್ಲ. ಹೆಂಡ್ತಿ ನೋಡಿ "ಇದು ಪಿತ್ತದ ಗಂಧೆ ಕಣ್ರೀ, ಸುಮ್ನೆ ಡಾಕ್ಟ್ರ ಹತ್ರ ಹೋಗಿ" ಅಂದ್ಲು. ರಜೆ ಹಾಕಿ, ಆಟೋ ಹಿಡಿದು, ಕ್ಲಿನಿಕ್‌ನಲ್ಲಿ ಟೋಕನ್ ಹಿಡ್ಕೊಂಡು ಎರಡು ಗಂಟೆ ಕೂತು, ಕೊನೆಗೆ ಒಳಗೆ ಹೋಗಿ ಶರ್ಟ್ ಎತ್ತಿದ್ರೆ ಇಡೀ ರಾಜ್ಯವೇ ಮಾಯ. ಬರೀ ಹೊಟ್ಟೆ. ಬೆಳಗಾವಿ ಕಡೆ ಮಾತ್ರ ಒಂಚೂರು ಕೆಂಪಿತ್ತು, ಅಲ್ಲಿ ಹೇಗಿದ್ರೂ ಕೆರೆತ ನಿಲ್ಲೋದಿಲ್ಲ ಬಿಡಿ.

ಡಾಕ್ಟರ್ ಮೇಡಂಗೆ ಏನೂ ಆಶ್ಚರ್ಯ ಆಗ್ಲಿಲ್ಲ. ಇದರ ಜಾಯಮಾನವೇ ಅದಂತೆ, ಒಂದೊಂದು ಗಂಧೆ 24 ಗಂಟೆಯೊಳಗೆ ಗುರುತೂ ಬಿಡದೆ ಇಳಿಯುತ್ತೆ, ಅಷ್ಟರಲ್ಲಿ ಇನ್ನೊಂದು ಕಡೆ ಎದ್ದಿರುತ್ತೆ, ಹೀಗೆ 6 ವಾರ ದಾಟಿದ್ರೆ ಅದಕ್ಕೆ ಕ್ರಾನಿಕ್ ಅಂತಾರೆ. "ಇನ್ಮೇಲೆ ಎದ್ದಾಗಲೇ ಫೋಟೋ ತೆಗೆದಿಟ್ಕೊಳ್ಳಿ" ಅಂದ್ರು. ಅವತ್ತಿಂದ ನನ್ನ ಫೋನಿನ ಗ್ಯಾಲರಿ ತುಂಬಾ ತೊಡೆ, ಬೆನ್ನು, ಕಂಕುಳು. ಆಫೀಸಲ್ಲಿ ಜೋಗ್ ಫಾಲ್ಸ್ ಫೋಟೋ ತೋರಿಸೋಕೆ ಹೋಗಿ ಬೆರಳು ಒಂದು ಸಲ ಜಾಸ್ತಿ ಜಾರಿ ಏನಾಯ್ತು ಅನ್ನೋದನ್ನ ನೀವೇ ಊಹಿಸ್ಕೊಳ್ಳಿ, ನಾನು ಬರೆಯಲ್ಲ.

ಆರು ವಾರ ದಾಟ್ತು. ಮತ್ತೆ ಹೋಗಿ "ಮೇಡಂ, ಇದಕ್ಕೆ ಕಾರಣ ಏನು?" ಅಂದೆ. "ಬಹಳ ಜನರಿಗೆ ಹೊರಗಿನ ಕಾರಣ ಅಂತ ಏನೂ ಸಿಗಲ್ಲ. ಚರ್ಮದಲ್ಲಿರೋ ಮಾಸ್ಟ್ ಸೆಲ್ ಅನ್ನೋ ಕೋಶಗಳು ಕೆರೆತ, ಊತ ಬರಿಸೋ ಹಿಸ್ಟಮಿನ್ ಅನ್ನೋ ರಾಸಾಯನಿಕನ ತಾವಾಗೇ ಬಿಡುಗಡೆ ಮಾಡ್ತವೆ." ಅಂದ್ರೆ ನಮ್ಮ ಅಪಾರ್ಟ್‌ಮೆಂಟ್ ವಾಚ್‌ಮನ್ ತರ, ಕಳ್ಳ ಬಂದಾಗ ಸೀಟಿ ಹೊಡೆಯೋ ಬದಲು ಹಾಲಿನ ಹುಡುಗ ಬಂದ್ರೂ ಹೊಡಿತಾನೆ, ಯಾರೂ ಬರ್ದಿದ್ರೂ ಹೊಡಿತಾನೆ. ನಂಗೆ ಅರ್ಥ ಆಯ್ತು. ಆದ್ರೆ ಈ "ಕಾರಣ ಇಲ್ಲ" ಅನ್ನೋ ಉತ್ತರ ತಗೊಂಡು ಮನೆಗೆ ಹೋಗೋದು ಹೆಂಗೆ ಸ್ವಾಮಿ? ನಮ್ಮನೇಲಿ ಹಾಲು ಒಡೆದ್ರೂ ಅದಕ್ಕೊಂದು ಕಾರಣ ಬೇಕು.

ಅಮ್ಮ ಕೇಸನ್ನ ಐದೇ ನಿಮಿಷದಲ್ಲಿ ಮುಗಿಸಿದ್ರು. ಬದನೆಕಾಯಿ. "ಅದು ನಂಜು ಕಣೋ, ನಿಮ್ಮ ತಾತಂಗೂ ಆಗ್ತಿರ್ಲಿಲ್ಲ." ಹೆಂಡ್ತಿ ಪ್ರಕಾರ ನಾನು ಆಫರ್‌ನಲ್ಲಿ ತಂದ ಬಟ್ಟೆ ಸೋಪಿನ ಪುಡಿ. ಅತ್ತೆ ಫೋನಲ್ಲೇ ಇದು ನಾಗದೋಷ, ಕುಕ್ಕೆಗೆ ಹೋಗಿ ಬನ್ನಿ ಅಂತ ತೀರ್ಪು ಕೊಟ್ರು. ಪಕ್ಕದ ಮನೆ ಮಂಗಳೂರಿನವರು "ಎಂಥ ಮಾರಾಯ್ರೆ, ಪಿತ್ತಕ್ಕೆ ಪುನರ್ಪುಳಿ ಬಿಟ್ರೆ ಬೇರೆ ಮದ್ದೇ ಇಲ್ಲ" ಅಂತ ಶರಬತ್ತಿನ ಬಾಟಲೇ ತಂದುಕೊಟ್ರು. ಅದು ರುಚಿಯಾಗಿತ್ತು, ಅದಕ್ಕೆ ನಾನೂ ಏನೂ ವಾದ ಮಾಡ್ಲಿಲ್ಲ. ಇಷ್ಟಕ್ಕೇ ಬಿಟ್ಟಿದ್ರೆ ಆಗ್ತಿತ್ತು, ಆದ್ರೆ ಅಮ್ಮ ಅಟ್ಟದಿಂದ ಚಳ್ಳಕೆರೆ ಕಡೆಯ ಕರಿ ಕಂಬಳಿ ಇಳಿಸಿ "ಬೋರಲು ಮಲ್ಕೋ" ಅಂತ ಬೆನ್ನಿಗೆ ಉಜ್ಜಿದ್ರು ನೋಡಿ, ಹತ್ತು ನಿಮಿಷ ಸ್ವರ್ಗ. ಹನ್ನೊಂದನೇ ನಿಮಿಷಕ್ಕೆ ಬೆನ್ನು ಉತ್ತ ಹೊಲ ಆಗಿತ್ತು, ಸಾಲು ಸಾಲು, ಬಿತ್ತನೆ ಒಂದು ಬಾಕಿ.

ಆಫೀಸಲ್ಲಿ ಒಬ್ರು ಅಲರ್ಜಿ ಟೆಸ್ಟ್ ಮಾಡಿಸಿ ಅಂದ್ರು. ಮೇಡಂನ ಕೇಳ್ದೆ ಸೀದಾ ಒಂದು ಲ್ಯಾಬ್‌ಗೆ ಹೋದೆ, ಅಲ್ಲಿ ಒಂದು ವಾರ ಮಾತ್ರೆ ನಿಲ್ಲಿಸಿ ಬನ್ನಿ ಅಂದ್ರು, ಆ ವಾರದ ಕಥೆ ಬೇಡ, ಬಾಗಿಲ ಚೌಕಟ್ಟಿಗೆ ಎಮ್ಮೆ ತರ ಬೆನ್ನು ಉಜ್ಕೊಂಡು ಓಡಾಡಿದೀನಿ. ಕೈ ಮೇಲೆ ಸಾಲಾಗಿ ಒಂದೊಂದೇ ಹನಿ ಹಾಕಿ ಸೂಜಿಯಲ್ಲಿ ಚುಚ್ಚಿದ್ರು. ಧೂಳಿನ ನುಸಿ, ಕಾಂಗ್ರೆಸ್ ಗಿಡ, ಜಿರಳೆ, ಶೇಂಗಾ, ಸೀಗಡಿ. ಎಲ್ಲಾ ಉಬ್ತು. ಕೊನೆಗೆ ಹೋಲಿಕೆಗೆ ಅಂತ ಬರೀ ಉಪ್ಪುನೀರು ಚುಚ್ಚಿರ್ತಾರಲ್ಲ, ಅದೂ ಉಬ್ತು. ಟೆಕ್ನಿಷಿಯನ್ ಹುಡುಗ ಸ್ಕೇಲ್ ಹಿಡ್ಕೊಂಡು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಮೇಡಂಗೆ ವಿಷಯ ಹೇಳಿದ್ರೆ ಬೈಲಿಲ್ಲ, ಪೆನ್ನಿನ ಕ್ಯಾಪ್ ತಗೊಂಡು ನನ್ನ ಮುಂಗೈ ಮೇಲೆ ಒಂದು ಗೆರೆ ಎಳೆದ್ರು. ಮೊದಲು ಬಿಳಿ ಗೆರೆ, ಆಮೇಲೆ ಕೆಂಪು, ಆಮೇಲೆ ನಿಧಾನಕ್ಕೆ ಹಪ್ಪಳ ಎಣ್ಣೇಲಿ ಏಳೋ ಹಾಗೆ ಉಬ್ಬಿ ನಿಂತ್ಕೊಳ್ತು, ಐದು ನಿಮಿಷವೂ ಆಗಿರ್ಲಿಲ್ಲ. ಉಜ್ಜಿದ್ರೆ, ಗೀಚಿದ್ರೆ, ಚುಚ್ಚಿದ್ರೆ ಉಬ್ಬೋ ಚರ್ಮ ನಂದು, ಡರ್ಮಟೋಗ್ರಾಫಿಸಂ ಅಂತಾರಂತೆ. ಹಾಗಾಗಿ ಆ ಟೆಸ್ಟ್ ವೇಸ್ಟು, ಅಮ್ಮನ ಕಂಬಳಿಯೂ ವೇಸ್ಟು. ಖುಷಿಯಾಗಿದ್ದು ನಮ್ಮ ಮಗಳಿಗೆ ಮಾತ್ರ. ಎರಡನೇ ಕ್ಲಾಸು, ನನ್ನ ಬೆನ್ನೇ ಅವಳ ಸ್ಲೇಟು. ಒಂದಿನ ಬಾಚಣಿಗೆ ತುದಿಯಲ್ಲಿ ಏಳರ ಮಗ್ಗಿ ಬರೆದು ಅವರಮ್ಮನ ಹತ್ರ ರೈಟ್ ಹಾಕಿಸ್ಕೊಂಡ್ಲು. ಆ ರೈಟ್ ಮಾರ್ಕೂ ಉಬ್ತು.

ಇನ್ನು ಮಾತ್ರೆ. ರಾತ್ರಿಗೆ ಅಂತ ಮೊದಲು ಕೊಟ್ಟಿದ್ದು ಹೈಡ್ರಾಕ್ಸಿಜಿನ್, ಹಳೇ ಕಾಲದ್ದು. ಇದು ದೇಹದೊಳಗೆ ಹೋಗಿ ಸೆಟ್ರಿಜಿನ್ ಆಗುತ್ತಂತೆ, ಅಂದ್ರೆ ಅಪ್ಪ ಮಗ ಅಂದ್ಕೊಳ್ಳಿ. ಮಗ ಸ್ವಲ್ಪ ಮೃದು, ಅಪ್ಪ ಸೀದಾ ಮಿದುಳಿಗೇ ನುಗ್ತಾನೆ. ಅಲ್ಲಿ ನಮ್ಮನ್ನ ಎಚ್ಚರವಾಗಿ ಇಡೋದೂ ಇದೇ ಹಿಸ್ಟಮಿನ್ನು, ಅದರ ಬಾಯಿ ಮುಚ್ಚಿಸಿದ್ರೆ ಕೆರೆತವೂ ಇಲ್ಲ ನೀವೂ ಇಲ್ಲ. ಮೆಟ್ರೋದಲ್ಲಿ ವೈಟ್‌ಫೀಲ್ಡಿಂದ ಹೊರಟು ವಿಜಯನಗರದಲ್ಲಿ ಇಳಿಬೇಕಾದವನನ್ನ ಚಲ್ಲಘಟ್ಟದಲ್ಲಿ ಗಾರ್ಡ್ ಎಬ್ಬಿಸಿದ್ರು. ಸರಿ ಅಂತ ವಾಪಸ್ ರೈಲು ಹತ್ತಿದೆ. ಕಣ್ಣು ಬಿಟ್ಟಾಗ ಇಂದಿರಾನಗರ.

ಆದ್ರೆ ನಿಜವಾದ ಅನಾಹುತ ಆಗಿದ್ದು ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ, ಬೇಸ್‌ಮೆಂಟಲ್ಲಿ ಪ್ಲಾಸ್ಟಿಕ್ ಕುರ್ಚಿ, ಬಾಯಿ ಒಣಗಿದೆ, ಹಿಂದಿನ ರಾತ್ರಿಯ ಮಾತ್ರೆ ಇನ್ನೂ ಇಳಿದಿಲ್ಲ, ಎದುರಿಗೆ ಯಾರೋ ಬೋರ್‌ವೆಲ್ ಮೋಟರ್ ಲೆಕ್ಕ ಓದ್ತಿದ್ದಾರೆ. ಸೆಕ್ರೆಟರಿ ಯಾವಾಗ "ಈ ಸಲ ಟ್ರೆಷರರ್ ನೀವೇ ಆಗಿ ಸಾರ್, ಒಪ್ತೀರಾ?" ಅಂತ ಕೇಳಿದ್ರೋ ದೇವರಿಗೇ ಗೊತ್ತು, ನನ್ನ ತಲೆ ಎರಡು ಸಲ ಕೆಳಗೆ ಹೋಗಿದೆ. ಚಪ್ಪಾಳೆ ಸದ್ದಿಗೆ ಎಚ್ಚರ ಆಯ್ತು. ಯಾರಿಗೋ ಸನ್ಮಾನ ಇರ್ಬೇಕು ಅಂತ ನಾನೂ ಜೋರಾಗಿ ತಟ್ಟಿದೆ. ಈಗ 36 ಮನೆಯ ಮೇಂಟೆನೆನ್ಸ್ ನಾನೇ ವಸೂಲಿ ಮಾಡ್ತೀನಿ, ಬಾಕಿ ಇರೋರಿಗೆಲ್ಲ ನನ್ನನ್ನ ಕಂಡ್ರೆ ಅಲರ್ಜಿ.

ಇದನ್ನ ಹೇಳಿದ್ಮೇಲೆ ಮೇಡಂ ನಿದ್ದೆ ಬರಿಸದ ಫೆಕ್ಸೋಫೆನಡಿನ್‌ಗೆ ಬದಲಾಯಿಸಿದ್ರು. ನಾನು ಆರೋಗ್ಯದ ಮನುಷ್ಯ ಅಲ್ವಾ, ದಿನಾ ಬೆಳಿಗ್ಗೆ ಅದನ್ನ ಒಂದು ದೊಡ್ಡ ಲೋಟ ಕಿತ್ತಳೆ ಜ್ಯೂಸ್ ಜೊತೆ ನುಂಗಿದೆ. ಮೂರು ವಾರ ಆದ್ರೂ ಗಂಧೆ ಇಳಿಲಿಲ್ಲ. ಕೊನೆಗೆ ಗೊತ್ತಾಗಿದ್ದು ಏನಪ್ಪಾ ಅಂದ್ರೆ ಕಿತ್ತಳೆ, ಸೇಬಿನ ರಸ ಕುಡಿದ್ರೆ ಈ ಮಾತ್ರೆ ಕರುಳಿಂದ ರಕ್ತಕ್ಕೆ ಹೋಗೋದೇ ಕಮ್ಮಿ ಆಗುತ್ತೆ, ನೀರಲ್ಲೇ ತಗೋಬೇಕು. ದುಡ್ಡು ಕೊಟ್ಟು ಜ್ಯೂಸ್ ತಂದು ದುಡ್ಡು ಕೊಟ್ಟು ತಂದ ಮಾತ್ರೆಯನ್ನ ದಾರಿಯಲ್ಲೇ ತಡೆದಿದ್ದೆ. ನಾನು ಟ್ರೆಷರರ್ರು.

ಈಗ ನೀರಲ್ಲೇ ತಗೊಳ್ತಿದೀನಿ, ಮೇಡಂ ಡೋಸೂ ಏರಿಸಿದ್ದಾರೆ. ದಿನಾ ಒಂದು ಲೆಕ್ಕ ಬೇರೆ ಬರಿಬೇಕು, ಗಂಧೆಗೆ ಸೊನ್ನೆಯಿಂದ ಮೂರು, ಕೆರೆತಕ್ಕೆ ಸೊನ್ನೆಯಿಂದ ಮೂರು, ವಾರಕ್ಕೆ ಒಟ್ಟು 42. ಶುರುವಲ್ಲಿ 31 ಬಂದಾಗ ಮಗಳು "ಪಪ್ಪ ಫಸ್ಟ್ ಕ್ಲಾಸ್" ಅಂತ ಕುಣಿದ್ಲು. ಹೋದ ವಾರ ಬರೀ 4. ಅವಳಿಗೆ ಬೇಜಾರು, ಉಳಿದವರಿಗೆಲ್ಲ ವಿಜಯೋತ್ಸವ. ಅತ್ತೆ ನನ್ನ ಹೆಸರಲ್ಲಿ ಕುಕ್ಕೆಗೆ ಹೋಗಿ ಬಂದಿದ್ರಂತೆ, ಹೆಂಡ್ತಿ ಸೋಪಿನ ಪುಡಿ ಬದಲಾಯಿಸಿದ್ದಾಳೆ, ಪಕ್ಕದ ಮನೆಯವರು ಎರಡನೇ ಬಾಟಲ್ ತಂದ್ರು. ಅಮ್ಮ ಅಂತೂ ಇಡೀ ಬೀದಿಗೆ ಹೇಳ್ಕೊಂಡು ಬಂದ್ರು, ಎಂಟು ತಿಂಗಳಿಂದ ಮನೆಗೆ ಒಂದು ಬದನೆಕಾಯಿ ತಂದಿಲ್ಲ, ಅದಕ್ಕೇ ನನ್ನ ಮಗ ಹುಷಾರಾದ.

ಮನೆಗೆ ತಂದಿಲ್ಲ, ನಿಜ. ಆದ್ರೆ ಆಫೀಸಲ್ಲಿ ನನ್ನ ಪಕ್ಕ ಕೂರೋರು ಧಾರವಾಡದವರು, ಮಂಗಳವಾರ ಮಂಗಳವಾರ ಜೋಳದ ರೊಟ್ಟಿ ಜೊತೆ ಎಣ್ಣೆಗಾಯಿ ತರ್ತಾರೆ, ಎರಡು ನನ್ನ ಡಬ್ಬಿಗೆ ಹಾಕ್ತಾರೆ. ಎಂಟು ತಿಂಗಳಿಂದ ಒಂದು ಮಂಗಳವಾರವೂ ತಪ್ಪಿಲ್ಲ. ನಿನ್ನೆ ರಾತ್ರಿ ಡಬ್ಬಿ ತೊಳೆಯೋಕೆ ಹಾಕಿ ಸೋಫಾದಲ್ಲಿ ಕೂತಿದ್ದೆ, ಅಡುಗೆಮನೆಯಲ್ಲಿ ನಲ್ಲಿ ಸದ್ದು ನಿಂತ್ಕೊಳ್ತು. ಅಮ್ಮ ಹೊರಗೆ ಬಂದ್ರು. ಎರಡು ಬೆರಳ ನಡುವೆ ಮಸಾಲೆ ಮೆತ್ತಿದ ಬದನೆಕಾಯಿ ತೊಟ್ಟು.

"ಏನೋ ಇದು?"

ಏನು ಹೇಳ್ಲಿ, ಅಷ್ಟರಲ್ಲಿ ಕುತ್ತಿಗೆ ಹಿಂದೆ ಸಣ್ಣಗೆ ಕೆರೆತ ಶುರುವಾಗಿತ್ತು, ಕೈ ಅದರ ಪಾಡಿಗೆ ಅದು ಹೋಗ್ಬಿಡ್ತು.

"ನೋಡ್ದಾ!" ಅಂದ್ರು ಅಮ್ಮ.